ಐದು ಸಲ ಆದ್ಮೇಲೆ ಮುಗೀತು: ಯುಎಸ್‌ಬಿ ಡಿವಿಡಿ ಡ್ರೈವ್, ನಾಲ್ಕು ವರ್ಷ ಬಳಸಿದ ಮೇಲೆ

ಎಸ್.ಪಿ. ರೋಡಿನಲ್ಲಿ ₹1,650 ಕೊಟ್ಟು ತಂದಿದ್ದು. ವೇಗ, ತೂಕ ಎಲ್ಲ ಡಬ್ಬದ ಮೇಲೇ ಇರುತ್ತೆ, ಅದನ್ನ ಬಿಡ್ತೀನಿ. ನಮ್ಮನೆ ಶೋಕೇಸಿನ ಕೆಳಗಿನ ಖಾನೇಲಿ ಇನ್ನೂರರ ಹತ್ತಿರ ಸಿನಿಮಾ ಡಿಸ್ಕ್ ಇವೆ. ಪ್ಲೇಯರ್ ಕೆಟ್ಟು ಕೂತಿದೆ, ರಿಪೇರಿ ಮಾಡೋರು ಸಿಗಲ್ಲ. ಅಪ್ಪನಿಗೆ ಮಾತ್ರ ಮಧ್ಯಾಹ್ನ ಊಟ ಆದ್ಮೇಲೆ ಒಂದು ಹಳೇ ಪಿಕ್ಚರ್ ಬೇಕೇ ಬೇಕು. ಓಟಿಟಿಯಲ್ಲಿ ಹುಡುಕೋದು ಅವರಿಗೆ ಒಗ್ಗಲ್ಲ. ಪೆನ್‌ಡ್ರೈವ್‌ಗೆ ಹಾಕಿ ಟಿವಿ ಹಿಂದೆ ಚುಚ್ಚಿಟ್ರೆ ತಾವೇ ಒತ್ತಿಕೊಂಡು ನೋಡ್ತಾರೆ.

ಹಾಗಾಗಿ ಭಾನುವಾರ ಬೆಳಿಗ್ಗೆ ಕಾಫಿ ಆದ್ಮೇಲೆ ಎರಡು ಡಿಸ್ಕ್, ಅದೇ ಲೆಕ್ಕ. ಒಗೆದೂ ಒಗೆದೂ ಮೆತ್ತಗಾದ ಅಪ್ಪನ ಪಂಚೆ ತುಂಡೊಂದನ್ನ ಇದಕ್ಕೇ ಎತ್ತಿಟ್ಟಿದೀನಿ. ಮಧ್ಯದಿಂದ ಅಂಚಿನ ಕಡೆಗೆ ನೇರಕ್ಕೆ ಒರೆಸ್ಬೇಕು. ತಟ್ಟೆ ಒರೆಸಿದ ಹಾಗೆ ಸುತ್ತ ತಿರುಗಿಸಿದ್ರೆ, ಗೀರು ಬಿದ್ದಾಗ ಟ್ರ್ಯಾಕಿನ ಉದ್ದಕ್ಕೂ ಬೀಳುತ್ತೆ, ಆಮೇಲೆ ಡ್ರೈವ್ ತಿದ್ದಿಕೊಂಡು ಓದೋದು ಕಷ್ಟ. ಡ್ರೈವ್ ಕೆಳಗೆ ಮಡಿಸಿದ ಟವಲ್ ಹಾಕ್ತೀನಿ, ಇಲ್ದಿದ್ರೆ ಮೇಜೆಲ್ಲ ಗುಯ್ ಅನ್ನುತ್ತೆ. ಎರಡು ಬಾಲದ ವೈರಿನ ಎರಡೂ ತುದಿ ಲ್ಯಾಪ್‌ಟಾಪಿಗೆ ಚುಚ್ಚಲೇಬೇಕು. ಒಂದೇ ಚುಚ್ಚಿದ್ರೆ ಕರೆಂಟ್ ಸಾಲದೆ ಅರ್ಧದಲ್ಲಿ ಉಸಿರು ಬಿಡುತ್ತೆ. ಇದು ಗೊತ್ತಾಗೋಕೆ ನನಗೆ ಒಂದು ತಿಂಗಳು ಬೇಕಾಯ್ತು.

ವಿಸಿಡಿಗಳದ್ದು ತಕರಾರಿಲ್ಲ. ಅವಕ್ಕೆ ನಕಲು ತಡೆಯೋ ಬೀಗಾನೇ ಇಲ್ಲ, ಒಳಗಿರೋ ಫೈಲ್ ಎಳೆದು ಹಾಕಿದ್ರೆ ಮುಗೀತು. ಡಿವಿಡಿ ಹಾಗಲ್ಲ. ಮೊದಲ ದಿನ ಅದನ್ನೂ ಹಾಗೇ ಎಳೆದೆ. ಫೈಲ್ ಬಂತು, ತೆಗೆದು ನೋಡಿದ್ರೆ ನಾಯಕಿ ಮುಖದ ಮೇಲೆಲ್ಲ ಹಸಿರು, ಗುಲಾಬಿ ಚೌಕಗಳು. ಸಿಎಸ್‌ಎಸ್ ಅನ್ನೋ ಬೀಗ ಅದು, 1996ರಿಂದ ಇದೆ. 40 ಬಿಟ್ಟಿನ ಕೀಲಿ. ಆ ಕೀಲಿ ಇರೋದು ಡಿಸ್ಕಿನ ಒಳಸುತ್ತಿನಲ್ಲಿ. ನಾವು ತರೋ ಖಾಲಿ ಡಿಸ್ಕಲ್ಲಿ ಆ ಜಾಗಕ್ಕೆ ಬರೆಯೋಕೆ ಆಗದ ಹಾಗೆ ಮಾಡಿರ್ತಾರೆ. ಅಂದ್ರೆ ಇದ್ದದ್ದನ್ನ ಇದ್ದ ಹಾಗೇ ನಕಲು ಮಾಡಿದ್ರೂ ಕೀಲಿ ಮಾತ್ರ ಜೊತೆಗೆ ಬರಲ್ಲ. ಜಾಣರೇ!

ಈ ಬೀಗ 1999ರಲ್ಲೇ ಮುರಿದು ಬಿತ್ತು. ಮುರಿದವರಲ್ಲಿ ಹೆಸರು ಹೊರಗೆ ಬಂದಿದ್ದು ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್ ಅನ್ನೋ ಶಾಲೆ ವಯಸ್ಸಿನ ಹುಡುಗನದ್ದು. ಕೇಸ್ ಹಾಕಿದ್ರು. 2003ರಲ್ಲಿ ಎರಡು ಕೋರ್ಟೂ ಅವನನ್ನ ಬಿಟ್ಟು ಕಳಿಸಿದ್ವು, ದುಡ್ಡು ಕೊಟ್ಟು ತಂದ ಡಿಸ್ಕನ್ನ ಅವನು ನೋಡಿಕೊಂಡ್ರೆ ತಪ್ಪೇನು ಅಂತ. ನಮ್ಮಲ್ಲಿ ಕಾಪಿರೈಟ್ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ 65ಎ ಅನ್ನೋ ಕಲಂ ಸೇರಿಸಿದಾರೆ. ಹಕ್ಕು ಕದಿಯೋ ಉದ್ದೇಶದಿಂದ ಬೀಗ ಮುರಿದ್ರೆ ಎರಡು ವರ್ಷದ ತನಕ ಜೈಲು. ನನ್ನ ಪೆನ್‌ಡ್ರೈವ್ ಅಪ್ಪನ ಟಿವಿ ದಾಟಿ ಹೋಗಿಲ್ಲ, ಪಕ್ಕದ ಮನೆಯವರು ಕೇಳಿದಾಗಲೂ ಡಿಸ್ಕೇ ಕೊಟ್ಟೆ.

ಇಷ್ಟರ ತನಕ ಡ್ರೈವ್ ಮೇಲೆ ನನಗೆ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದು ರೀಜನ್ ವಿಷಯಕ್ಕೆ. ಡಿಸ್ಕ್ ಮಾರೋಕೆ ಪ್ರಪಂಚಾನ ವಲಯಗಳಾಗಿ ಹಂಚಿ ನಂಬರ್ ಕೊಟ್ಟಿದಾರೆ, ಒಂದು ವಲಯದ ಡಿಸ್ಕ್ ಅದೇ ನಂಬರಿಗೆ ಹೊಂದಿಸಿದ ಡ್ರೈವಲ್ಲಿ ಮಾತ್ರ ಓಡ್ಬೇಕು ಅಂತ.

ಭಾವ ಅಮೆರಿಕದಿಂದ ಬರುವಾಗೆಲ್ಲ ಮಕ್ಕಳಿಗೆ ಕಾರ್ಟೂನ್ ಡಿಸ್ಕ್ ತರ್ತಿದ್ರು. ಅವು ರೀಜನ್ 1. ಇಲ್ಲಿ ನಾನು ತಗೊಂಡ ಇಂಗ್ಲಿಷ್ ಪಿಕ್ಚರ್‌ಗಳು ರೀಜನ್ 5. ನನ್ನ ಹತ್ರ ಇರೋ ಕನ್ನಡ ಡಿಸ್ಕ್‌ಗಳಲ್ಲಿ ಹೆಚ್ಚಿನವಕ್ಕೆ ಆ ಹಂಗಿಲ್ಲ, ಎಲ್ಲಿ ಹಾಕಿದ್ರೂ ಓಡ್ತವೆ. ಒಂದು ಬೇಸಿಗೆ ರಜೆಯಲ್ಲಿ ಮಗ ಆ ಡಿಸ್ಕ್ ಒಂದು ಸಲ, ಈ ಡಿಸ್ಕ್ ಒಂದು ಸಲ ಹಾಕಿದಾನೆ. ಪ್ರತಿ ಸಲ ಪರದೆ ಮೇಲೆ ‘ರೀಜನ್ ಬದಲಿಸಲೇ?’ ಅಂತ ಬಂದಿದೆ, ಪ್ರತಿ ಸಲ ಓಕೆ ಒತ್ತಿದಾನೆ. ಇನ್ನೆಷ್ಟು ಸಲ ಉಳಿದಿದೆ ಅನ್ನೋ ಅಂಕಿ ಪಕ್ಕದಲ್ಲೇ ಇತ್ತಂತೆ, ಯಾರು ಓದ್ತಾರೆ? ಐದು ಸಲ ಮುಗಿದ ಮೇಲೆ ಡ್ರೈವ್ ಕಾಯಮ್ಮಾಗಿ ರೀಜನ್ 1ಕ್ಕೆ ಬಿದ್ದು ಕೂತಿತು. ವಿಂಡೋಸ್ ಹೊಸದಾಗಿ ಹಾಕಿದ್ರೂ ಇಲ್ಲ, ಬೇರೆ ಲ್ಯಾಪ್‌ಟಾಪಿಗೆ ಚುಚ್ಚಿದ್ರೂ ಇಲ್ಲ, ಎಣಿಕೆ ಇರೋದು ಡ್ರೈವ್ ಹೊಟ್ಟೆಯಲ್ಲೇ. ವಿಎಲ್‌ಸಿ ಅನ್ನೋ ವಿಡಿಯೋ ಸಾಫ್ಟ್‌ವೇರ್ ಕೆಲವು ಡ್ರೈವ್‌ಗಳಲ್ಲಿ ರೀಜನ್ ಕೇಳದೇ ಓಡಿಸುತ್ತೆ, ನನ್ನದರಲ್ಲಿ ಜಪ್ಪಯ್ಯ ಅಂದ್ರೂ ಆಗ್ಲಿಲ್ಲ. ಅಂಗಡಿಗೆ ಹೋದ್ರೆ ‘ಇದು ವಾರಂಟಿಗೆ ಬರಲ್ಲ ಸಾರ್’ ಅಂದ್ರು. ಬೆಂಗಳೂರಲ್ಲಿ ತಗೊಂಡ ಡ್ರೈವು, ಬೆಂಗಳೂರಲ್ಲಿ ತಗೊಂಡ ಡಿಸ್ಕು, ಈಗ ಒಂದಕ್ಕೊಂದು ಮಾತಿಲ್ಲ. ಮೆಜೆಸ್ಟಿಕ್ ಫುಟ್‌ಪಾತಿನ ಡೂಪ್ಲಿಕೇಟ್ ಡಿಸ್ಕ್ ಹಾಕಿದ್ರೆ ಮಾತ್ರ ಚಕಾರ ಎತ್ತದೆ ಓದುತ್ತೆ.

ಎತ್ತಿ ಅಟ್ಟಕ್ಕೆ ಹಾಕೋಣ ಅಂತಿದ್ದಾಗ ನನ್ನ ಮದುವೆ ಡಿಸ್ಕ್ ಸಿಕ್ತು. 2007ರದ್ದು, ಸ್ಟುಡಿಯೋದವರು ಬರೆದು ಕೊಟ್ಟಿದ್ದು. ಬೀಗ ಇಲ್ಲ, ಆದ್ರೆ ಹೊಳಪು ಹೋಗಿ ಅಂಚಲ್ಲಿ ಮೋಡ ಕಟ್ಟಿದ ಹಾಗಾಗಿತ್ತು. ಪ್ಲೇಯರ್ ಇದ್ದ ಕಾಲಕ್ಕೇ ಓಡ್ತಿರಲಿಲ್ಲ. ಇದಕ್ಕೆ ಹಾಕಿ ಬಿಟ್ಟೆ. ಕಟಕಟ ಅಂದ್ಕೊಂಡು, ಹಿಂದೆ ಹೋಗಿ ಮುಂದೆ ಬಂದು, ಮೂರು ಗಂಟೆ ಒದ್ದಾಡಿ ಕೊನೆಯ ಹತ್ತು ನಿಮಿಷ ಬಿಟ್ಟು ಎಲ್ಲಾ ಎತ್ತಿಕೊಟ್ತು. ಅಪ್ಪ ಊಟದ ಪಂಕ್ತಿ ನಿಲ್ಲಿಸಿ ನಿಲ್ಲಿಸಿ ನೋಡಿ, ‘ಇವರ್‍ಯಾರೋ, ಎರಡು ಪಂಕ್ತಿಯಲ್ಲೂ ಕೂತಿದಾರೆ’ ಅಂದ್ರು. ಇವತ್ತಿಗೂ ಯಾರು ಅಂತ ಪತ್ತೆ ಆಗಿಲ್ಲ.

ಅದಕ್ಕೇ ಮೂರು ಸ್ಟಾರ್. ಅದೇ ಮಾಡೆಲ್ ಇನ್ನೊಂದು ತಂದೆ. ಒಂದರ ಮೇಲೆ ಸ್ಕೆಚ್ ಪೆನ್ನಲ್ಲಿ 1, ಇನ್ನೊಂದರ ಮೇಲೆ 5 ಅಂತ ಬರೆದು, ಮಗನಿಗೆ ಎರಡನ್ನೂ ಮುಟ್ಟಬೇಡ ಅಂದಿದೀನಿ. ಮೊನ್ನೆ ಭಾವ ಫೋನ್ ಮಾಡಿ, ‘ಈ ಸಲ ಬ್ಲೂರೇ ತರ್ಲಾ?’ ಅಂತ ಕೇಳಿದ್ರು. ಡಿವಿಡಿ ಆದ್ಮೇಲೆ ಬಂದ ಆ ಡಿಸ್ಕಲ್ಲೂ ರೀಜನ್ ಇದೆ, ಅಮೆರಿಕಕ್ಕೆ ಎ, ನಮಗೆ ಸಿ.

‘ಬೇಡ ಭಾವ, ಬಾದಾಮಿ ತನ್ನಿ’ ಅಂದೆ.