ಮೋಟರ್‌ಹೋಮ್ ಮುಂಗಾಜಿನ ಹೊದಿಕೆ: ಒಳಗಿನದಾ, ಹೊರಗಿನದಾ?

ಬ್ರಿಟನ್‌ನ ಚಳಿಗಾಲದಲ್ಲೂ ಮೋಟರ್‌ಹೋಮ್‌ನಲ್ಲೇ, ಅಂದರೆ ಹಾಸಿಗೆ, ಅಡುಗೆಮನೆ ಇರುವ ಗಾಡಿಯಲ್ಲೇ, ಮಲಗುವವರಾದರೆ ಹೊರಗಿನ ದಪ್ಪ ಹೊದಿಕೆಯನ್ನೇ ಕೊಳ್ಳಿ. ಫಿಯಟ್ ಡುಕಾಟೊ ವ್ಯಾನ್ ಮೇಲೆ ಕಟ್ಟಿದ ಮೋಟರ್‌ಹೋಮ್‌ಗಳಲ್ಲಿ ಹಿಂದಿನ ಕಿಟಕಿಗಳು ಸಾಮಾನ್ಯವಾಗಿ ಎರಡು ಪದರದ ಅಕ್ರಿಲಿಕ್ ಪ್ಲಾಸ್ಟಿಕ್. ಡ್ರೈವರ್ ಮುಂದೆ, ಅಕ್ಕಪಕ್ಕ ಮಾತ್ರ ನಡುವೆ ಗಾಳಿಯಿಲ್ಲದ ಒಂಟಿ ಗಾಜು. ಚಳಿ ನುಗ್ಗುವುದು ಅಲ್ಲಿಂದಲೇ.

ಒಳಗೆ ಸಕ್ಷನ್ ಕಪ್‌ನಲ್ಲಿ ಅಂಟಿಸುವ ಬೆಳ್ಳಿಬಣ್ಣದ ಹಾಳೆ ಅಗ್ಗ, ಮಳೆಯಲ್ಲಿ ನೆನೆಯಬೇಕಿಲ್ಲ, ರಾತ್ರಿ ಜಾಗ ಯಾಕೋ ಸರಿಯಿಲ್ಲ ಅನ್ನಿಸಿದರೆ ಕೆಳಗಿಳಿಯದೆ ಕಿತ್ತುಹಾಕಿ ಹೊರಟುಬಿಡಬಹುದು. ಆದರೆ ಗಾಜು ತಣ್ಣಗೇ ಉಳಿಯುತ್ತದೆ. ನಮ್ಮ ಉಸಿರು, ಅಡುಗೆಯ ಹಬೆ ಎಲ್ಲಾ ಹಾಳೆಯ ಹಿಂದೆ ನುಸುಳಿ, ಗಾಜಿನ ಮೇಲೆ ಹನಿಗಟ್ಟಿ, ಬೆಳಿಗ್ಗೆ ಡ್ಯಾಶ್‌ಬೋರ್ಡ್ ತನಕ ಇಳಿದಿರುತ್ತದೆ. ಬಟ್ಟೆ ಹಿಡಿದು ಒರೆಸುತ್ತಾ ಕೂರಬೇಕು.

ಹೊರಗಿನದು ಗಾಜನ್ನೇ ಬೆಚ್ಚಗಿಡುತ್ತದೆ, ಹಾಗಾಗಿ ಹನಿ ಕಡಿಮೆ, ಹಿಮ ಕೆರೆಯುವ ಗೋಳೂ ಇಲ್ಲ. ಸ್ಪೇನ್ ಕಡೆ ಹೋದರೆ ಬಿಸಿಲನ್ನೂ ಗಾಜು ದಾಟುವ ಮೊದಲೇ ತಡೆಯುತ್ತದೆ. ಕಷ್ಟ ಅಂದರೆ, ಒದ್ದೆಯಾದದ್ದನ್ನು ಎಲ್ಲಿಡೋದು? ಗಾಡಿ ಚಿಕ್ಕದಿದ್ದರೆ ಬಚ್ಚಲೇ ಗತಿ! ಕೊಳ್ಳುವಾಗ ಬದಿಯ ಪಟ್ಟಿ ಬಾಗಿಲೊಳಗೆ ಸಿಕ್ಕಿಸುವಂತಿದೆಯಾ, ಬೆಳಕಿಗೆ ಮುಂಭಾಗ ಮಡಚಿ ಕೆಳಗಿಳಿಸಬಹುದಾ ನೋಡಿ.

ಬೇಸಿಗೆಯಲ್ಲಿ ಮಾತ್ರ ಸುತ್ತುವವರಿಗೆ ಒಳಗಿನದೇ ಸಾಕು, ಸುಮ್ನೆ ಜಾಸ್ತಿ ದುಡ್ಡು ಸುರಿಯಬೇಡಿ.