ಗೌಟ್‌ಗೆ ಕೊಲ್ಚಿಸಿನ್, ಚೆರ್ರಿ ಸಾರ, ಕ್ವೆರ್ಸೆಟಿನ್: ನಾನು ಉಳಿಸಿಕೊಂಡದ್ದು ಒಂದನ್ನೇ

ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಅದರ ಹರಳುಗಳು ಕೀಲಿನಲ್ಲಿ ಕೂತು ಬರುವ ಉರಿಯೂತವೇ ಗೌಟ್. ಅದರ ನೋವಿಗೆ ಗಿಡಮೂಲದ ಪರಿಹಾರ ಹುಡುಕುವವರು ಕೊಲ್ಚಿಸಿನ್ ಮಾತ್ರೆಯನ್ನು ‘ಇಂಗ್ಲಿಷ್ ಔಷಧ’ ಎಂದು ಬದಿಗಿಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅದು ಅಪ್ಪಟ ಸಸ್ಯಮೂಲದ್ದು. ಕೊಲ್ಚಿಕಂ ಎಂಬ ಹೂಗಿಡದಿಂದ 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೆ ಮತ್ತು ಕಾವೆಂಟೂ ಅದನ್ನು ಬೇರ್ಪಡಿಸಿದರು. ನಮಗೆ ಪರಿಚಿತವಾದ ಅಗ್ನಿಶಿಖೆಯ ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ. ಹಾಗೆಂದು ಗೆಡ್ಡೆಯನ್ನು ಮುಟ್ಟಬೇಡಿ, ಅದು ಜೀವ ತೆಗೆಯುವ ವಿಷ. ಅಳತೆ ಖಚಿತವಾಗಿರುವುದು ಮಾತ್ರೆಯಲ್ಲಿ ಮಾತ್ರ.

ಮೂರನ್ನೂ ಬಳಸಿದ ಮೇಲೆ ನನ್ನ ಮತ ಕೊಲ್ಚಿಸಿನ್‌ಗೆ. ಹೆಬ್ಬೆರಳಿನ ಬುಡದಲ್ಲಿ ಉರಿ ಶುರುವಾಗುತ್ತಿದ್ದಂತೆ ನುಂಗಿದರೆ, ಹೊದಿಕೆ ತಾಗಿದರೂ ಸಹಿಸಲಾಗದ ಆ ಹಂತಕ್ಕೆ ನೋವು ಏರುವುದಿಲ್ಲ. ಕೀಲಿನೊಳಗಿನ ಯೂರೇಟ್ (ಯೂರಿಕ್ ಆಮ್ಲದ) ಹರಳುಗಳ ಮೇಲೆ ಮುಗಿಬೀಳುವ ಬಿಳಿರಕ್ತಕಣಗಳ ಓಡಾಟವನ್ನು ಇದು ತಡೆಯುತ್ತದೆ. ತಡಮಾಡಿದರೆ ಫಲ ಕಡಿಮೆ. ಹೊಟ್ಟೆ ಕೆಡುತ್ತದೆ ಎಂಬ ಅಪಖ್ಯಾತಿ ಬಂದದ್ದು ಬಹುಮಟ್ಟಿಗೆ ಹಳೆಯ ದೊಡ್ಡ ಪ್ರಮಾಣಗಳಿಂದ. 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಟ್ಟು 1.8 ಮಿಲಿಗ್ರಾಂ ತೆಗೆದುಕೊಂಡವರಿಗೂ 4.8 ಮಿಲಿಗ್ರಾಂ ತೆಗೆದುಕೊಂಡವರಿಗೂ ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ ರೀತಿ. ಭೇದಿಯಾದದ್ದು ಮಾತ್ರ ಕ್ರಮವಾಗಿ ಶೇ 23 ಮತ್ತು ಶೇ 77 ಮಂದಿಗೆ.

ಇನ್ನು ಚೆರ್ರಿ. ಇದರ ಮೇಲಿನ ಆಸೆ ಆಧಾರವಿಲ್ಲದ್ದಲ್ಲ. ಗೌಟ್ ಇರುವ 633 ಮಂದಿಯನ್ನು ಗಮನಿಸಿದ 2012ರ ಅಧ್ಯಯನದಲ್ಲಿ, ಚೆರ್ರಿ ತಿಂದ ದಿನಗಳಲ್ಲಿ ನೋವು ಮರುಕಳಿಸುವ ಸಾಧ್ಯತೆ ಶೇ 35ರಷ್ಟು ಕಡಿಮೆ ಕಂಡಿತ್ತು. ನನ್ನನ್ನು ಕಾಡಿದ್ದು ಹಣ್ಣಲ್ಲ, ಸಾರದ ಪುಡಿಯ ಬಾಟಲಿ. ಚೆರ್ರಿಯ ಗುಣವೆಲ್ಲ ಅದರ ಕೆಂಪು ಬಣ್ಣದ ಆಂಥೋಸಯನಿನ್‌ಗಳಲ್ಲಿದೆ ಎನ್ನುತ್ತಾರೆ. ಆದರೆ ನಾನು ಕೊಂಡ ಯಾವ ಬಾಟಲಿಯ ಮೇಲೂ ಅದು ಎಷ್ಟಿದೆ ಎಂದು ಬರೆದಿರಲಿಲ್ಲ. ಒಂದರ ಮೇಲೆ ‘ಇಷ್ಟು ಹಣ್ಣಿಗೆ ಸಮ’ ಎಂದಿದ್ದರೆ, ಇನ್ನೊಂದರ ಮೇಲೆ ‘ಹತ್ತು ಪಟ್ಟು ಸಾಂದ್ರ’ ಎಂದಿತ್ತು. ಯಾವುದರ ಹತ್ತು ಪಟ್ಟು? ಬ್ರ್ಯಾಂಡ್ ಬದಲಿಸಿದ ಕೂಡಲೇ ಹಿಂದಿನ ಲೆಕ್ಕವೆಲ್ಲ ವ್ಯರ್ಥ. ಅಳತೆಯೇ ತಿಳಿಯದ ವಸ್ತು ಕೆಲಸ ಮಾಡಿತೋ ಇಲ್ಲವೋ ಎಂದು ಹೇಳುವುದಾದರೂ ಹೇಗೆ?

ಪುಡಿ ಬಿಟ್ಟು ರಸಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ಸಾಂದ್ರ ರಸವೆಂದರೆ ಸಕ್ಕರೆಯೂ ಸಾಂದ್ರ, ಅದರಲ್ಲಿ ಫ್ರಕ್ಟೋಸ್ ಪಾಲು ದೊಡ್ಡದು. ಯಕೃತ್ತು ಫ್ರಕ್ಟೋಸನ್ನು ಅರಗಿಸುವಾಗ ಹುಟ್ಟುವುದು ಯೂರಿಕ್ ಆಮ್ಲವೇ! ಅದನ್ನು ಇಳಿಸಲೆಂದು ಕೊಂಡ ಬಾಟಲಿಯಲ್ಲೇ ಅದನ್ನು ಏರಿಸುವ ವಸ್ತುವೂ ಇದೆ ಎಂಬುದನ್ನು ಮಾರುವವರು ಎಲ್ಲೂ ಹೇಳುವುದಿಲ್ಲ. ಗೌಟ್ ಇರುವ 50 ಮಂದಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹುಳಿ ಚೆರ್ರಿ ಸಾರ ಕೊಟ್ಟು 28 ದಿನ ನೋಡಿದ ಪ್ರಯೋಗದಲ್ಲಿ ರಕ್ತದ ಯೂರಿಕ್ ಆಮ್ಲ ಇಳಿಯಲಿಲ್ಲ. ನನ್ನ ವರದಿಯ ಅಂಕಿಯೂ ಅಲ್ಲಾಡಲಿಲ್ಲ. ಹಣ್ಣು ರುಚಿಗೆ ಇರಲಿ, ಬಾಟಲಿ ಬೇಡ.

ಕ್ವೆರ್ಸೆಟಿನ್ ಈರುಳ್ಳಿ, ಸೇಬುಗಳಲ್ಲಿರುವ ವಸ್ತು. ಯೂರಿಕ್ ಆಮ್ಲ ತಯಾರಿಸುವ ಕಿಣ್ವವನ್ನು ಪ್ರಯೋಗನಾಳದಲ್ಲಿ ಚೆನ್ನಾಗಿಯೇ ತಡೆಯುತ್ತದೆ. ಮನುಷ್ಯರ ಮೇಲಿನ ಸಣ್ಣ ಪ್ರಯೋಗವೊಂದರಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೊಟ್ಟಾಗ ನಾಲ್ಕು ವಾರದಲ್ಲಿ ಸ್ವಲ್ಪ ಇಳಿಕೆ ಕಂಡಿತು, ಆದರೆ ಅವರು ಗೌಟ್ ಇಲ್ಲದ ಆರೋಗ್ಯವಂತರು. ನನಗೆ ಅದರಿಂದ ಲಾಭವೂ ಇಲ್ಲ, ತೊಂದರೆಯೂ ಇಲ್ಲ. ಅರಿಶಿನದ ಕರ್ಕ್ಯುಮಿನ್ ಬಗ್ಗೆ ಒಂದೇ ಮಾತು: ಕರುಳು ಅದನ್ನು ಹೀರಿಕೊಳ್ಳುವುದೇ ಕಷ್ಟ.

ಕೊಲ್ಚಿಸಿನ್ ಕೂಡ ಯೂರಿಕ್ ಆಮ್ಲವನ್ನು ಇಳಿಸುವುದಿಲ್ಲ. ಆ ಕೆಲಸಕ್ಕೆ ಅಲೋಪ್ಯೂರಿನಾಲ್‌ನಂಥ ಔಷಧ ಬೇಕು. ಅದನ್ನು ಆರಂಭಿಸಿದ ಮೊದಲ ತಿಂಗಳುಗಳಲ್ಲಿ ನೋವು ಕೆರಳದಂತೆ ಕೊಲ್ಚಿಸಿನ್ ಜೊತೆಗಿರುತ್ತದೆ. ಮೂತ್ರಪಿಂಡ ದುರ್ಬಲವಾಗಿರುವವರು, ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನಂಥ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ನುಂಗಲೇಬಾರದು.

ದಿನಕ್ಕೆ ಮೂರು ಹೊತ್ತು ಪುಡಿ ಕದಡಿ ಕುಡಿಯುವ ಶಿಸ್ತು ನನ್ನದಲ್ಲ. ಪ್ರಯಾಣದ ಚೀಲದಲ್ಲಿ ಮಾತ್ರೆಯ ಒಂದು ಪಟ್ಟಿ ಇದ್ದರೆ ಸಾಕು. ಚೆರ್ರಿಗೆ ಹೋಗುತ್ತಿದ್ದ ಹಣದಲ್ಲಿ ಈಗ ರಕ್ತಪರೀಕ್ಷೆ ಮಾಡಿಸುತ್ತೇನೆ. ಯೂರಿಕ್ ಆಮ್ಲ ಪ್ರತಿ ಡೆಸಿಲೀಟರ್ ರಕ್ತಕ್ಕೆ 6 ಮಿಲಿಗ್ರಾಂಗಿಂತ ಕೆಳಗಿರಬೇಕು ಎಂಬುದು ಗುರಿ. ನೋವು ಎದ್ದಿರುವಾಗ ಮಾತ್ರ ಪರೀಕ್ಷೆಗೆ ಹೋಗುವುದಿಲ್ಲ, ಆಗ ಅಂಕಿ ನಿಜಕ್ಕಿಂತ ಕಡಿಮೆ ಬರುವುದುಂಟು.