ಹಾಸ್ಟೆಲ್ ನೆಟ್ ಎಲ್ಲಿ ಹೋಗ್ತಿತ್ತು ಅಂತ ತೋರಿಸಿದ ಎನ್‌ಎಫ್‌ಡಂಪ್

ಬೆಳಗಾವಿ ಉದ್ಯಮಬಾಗದ ಹತ್ತಿರ ಒಂದು ಹಾಸ್ಟೆಲ್‌ನ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ರಾತ್ರಿ 9 ಆಯಿತೆಂದರೆ ಫೋನು ಶುರು. "ಸರ, ನೆಟ್ ಭಾಳ ಸ್ಲೋ ಐತ್ರಿ." ಎಸ್‌ಎನ್‌ಎಂಪಿ (ರೂಟರಿನಂಥ ಸಾಧನಗಳಿಂದ ಅಂಕಿ ಕೇಳಿ ತರುವ ವಿಧಾನ) ಗ್ರಾಫ್ ನೋಡಿದರೆ ಲೈನು ತುಂಬಿರುತ್ತಿತ್ತು. ತುಂಬಿಸಿದ್ದು ಯಾರು? ಆ ಗ್ರಾಫ್ ಅದನ್ನು ಹೇಳದು, ಪೋರ್ಟಿನಲ್ಲಿ ಎಷ್ಟು ಬೈಟ್ ಹೋಯಿತು ಅಂತ ಎಣಿಸುತ್ತದೆ, ಅಷ್ಟೇ. ನಾವು ಸುಮ್ನೆ ಹುಡುಗರನ್ನೇ ಬೈಯುತ್ತಿದ್ದೆವು.

ಕೊನೆಗೆ ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿ ಎನ್‌ಎಫ್‌ಡಂಪ್ ಇಳಿಸಿಕೊಂಡೆ. ಯಾವ ಐಪಿ (ನೆಟ್‌ವರ್ಕಿನಲ್ಲಿ ಒಂದು ಸಾಧನದ ವಿಳಾಸ) ಎಲ್ಲಿಗೆ ಎಷ್ಟು ಬೈಟ್ ಕಳಿಸಿತು ಅಂತ ರೂಟರ್ ಕಳಿಸುವ ಲೆಕ್ಕವನ್ನು ಕೂಡಿಟ್ಟು ತೋರಿಸುವ ಸಾಫ್ಟ್‌ವೇರ್ ಇದು. ದುಡ್ಡು ಕೊಡಬೇಕಿಲ್ಲ. ನಮ್ಮ ಮೈಕ್ರೋಟಿಕ್ ರೂಟರಿನಲ್ಲಿ ಈ ಲೆಕ್ಕ ಕಳಿಸುವ ಟ್ರಾಫಿಕ್ ಫ್ಲೋ ಆನ್ ಮಾಡಿ, ಡೆಸ್ಕ್‌ಟಾಪಿನ ಐಪಿ ಮತ್ತು 9995 ಪೋರ್ಟ್ ಕೊಟ್ಟೆ. ಲೆಕ್ಕ ಕಳಿಸುವ ಮಾದರಿಗೆ ನೆಟ್‌ಫ್ಲೋ 5ನೇ ವರ್ಷನ್ ಹಾಕಬೇಡಿ, ಅದರಲ್ಲಿ ಐಪಿವಿ6 (ಹೊಸ ಬಗೆಯ ಉದ್ದ ಐಪಿ) ಬರುವುದಿಲ್ಲ. 9 ಇಲ್ಲವೇ ಅದರಿಂದಲೇ ಬೆಳೆದ ಐಪಿಫಿಕ್ಸ್ ಹಾಕಿ. ಇವೆರಡರಲ್ಲೂ ರೂಟರಿನಿಂದ ಟೆಂಪ್ಲೇಟ್ (ಯಾವ ಅಂಕಿ ಯಾವ ಕ್ರಮದಲ್ಲಿದೆ ಎಂಬ ವಿವರ) ಬರುವ ತನಕ ಡೇಟಾ ಓದಲಾಗದು. ಸ್ವಲ್ಪ ಹೊತ್ತು ಖಾಲಿ ಕಂಡರೆ ಗಾಬರಿ ಬೇಡ.

ನನ್ನ ತಲೆ ಕೆಡಿಸಿದ್ದು ಟೈಮ್‌ಔಟ್. ರೂಟರಿನಲ್ಲಿ ಆ್ಯಕ್ಟಿವ್ ಟೈಮ್‌ಔಟ್ (ನಡೆಯುತ್ತಿರುವ ಸಂಪರ್ಕದ ಲೆಕ್ಕ ಎಷ್ಟು ಹೊತ್ತಿಗೊಮ್ಮೆ ಕಳಿಸಬೇಕು ಎಂಬುದು) 30 ನಿಮಿಷ ಇತ್ತು. ಅಂದರೆ ಒಂದು ದೊಡ್ಡ ಡೌನ್‌ಲೋಡ್ ನಡೆದಿದ್ದರೆ, ಅರ್ಧ ಗಂಟೆಯ ಲೆಕ್ಕ ಒಂದೇ ಗಂಟಾಗಿ ಬಂದು ಬೀಳುತ್ತದೆ. ಎನ್‌ಎಫ್‌ಡಂಪ್ 5 ನಿಮಿಷಕ್ಕೊಂದು ಫೈಲ್ ಮಾಡುತ್ತದೆ. ಹಾಗಾಗಿ ಒಂದು ಫೈಲಿನಲ್ಲಿ ನಮ್ಮ ಲೈನು ಹೊರಲಾರದಷ್ಟು ಬೈಟ್, ಮುಂದಿನದರಲ್ಲಿ ಏನೂ ಇಲ್ಲ! ಟೈಮ್‌ಔಟ್ 1 ನಿಮಿಷಕ್ಕೆ ಇಳಿಸಿದ ಮೇಲೆ ಲೆಕ್ಕ ಕೂಡಿತು.

ಅವತ್ತು ರಾತ್ರಿಯೇ ಜಾಸ್ತಿ ಬೈಟ್ ಕಳಿಸಿದ 10 ಐಪಿ ತೆಗೆದೆ. ಮೊದಲನೆಯದು ಯಾವ ಹುಡುಗನದ್ದೂ ಅಲ್ಲ. ಆಫೀಸಿನ ಕಂಪ್ಯೂಟರಿನದ್ದು. ದಿನಾ 9ಕ್ಕೆ ಅದರ ಬ್ಯಾಕಪ್ ಹೊರಗಿನ ಸರ್ವರಿಗೆ ಹೋಗುತ್ತಿತ್ತು. ಬೆಳಗಿನ ಜಾವ 3ಕ್ಕೆ ಬದಲಿಸಿದೆ. ಮರುದಿನ ಊಟದ ಹೊತ್ತಿಗೆ ಹುಡುಗರಿಗೆ ನಾನೇ ಹೋಗಿ ವಿಷಯ ಹೇಳಿ ಬಂದೆ.

"ಅವರ ಮೆಸೇಜೂ ಕಾಣತಾವೇನ್ರಿ?" ಅಂತ ವಾರ್ಡನ್ ಕೇಳಿದರು. ಇಲ್ಲ. ಹತ್ತರಗಿ ಟೋಲ್‌ನಲ್ಲಿ ಗಾಡಿ ನಂಬರು, ಹೊತ್ತು ದಾಖಲಾಗುತ್ತದೆ, ಒಳಗಿನ ಚೀಲ ಯಾರೂ ಬಿಚ್ಚುವುದಿಲ್ಲ ಅಲ್ವಾ, ಹಾಗೆ. ಆದರೂ ಯಾವ ಐಪಿ ಯಾವ ಸರ್ವರಿಗೆ ಹೋಯಿತು ಅನ್ನುವುದು ಇದರಲ್ಲಿ ಉಳಿಯುತ್ತದೆ. ಅದೂ ಸಣ್ಣ ವಿಷಯವಲ್ಲ.

ಕೊರತೆಗಳೂ ಇವೆ. ಚಿತ್ರ, ಗ್ರಾಫ್ ಇಲ್ಲ, ಎಲ್ಲಾ ಕಮಾಂಡಿನಲ್ಲೇ. ಡೇಟಾ ಯುಡಿಪಿಯಲ್ಲಿ (ತಲುಪಿತೋ ಇಲ್ಲವೋ ನೋಡದೆ ಕಳಿಸುವ ವಿಧಾನ) ಬರುವುದರಿಂದ ದಾರಿಯಲ್ಲಿ ಕಳೆದದ್ದು ಮತ್ತೆ ಸಿಗದು. ಪೈಸೆ ಪೈಸೆ ಲೆಕ್ಕದ ಬಿಲ್ಲಿಗೆ ಇದನ್ನು ನಂಬಬೇಡಿ. ಹಳೇ ಫೈಲು ಅಳಿಸಲು ಎನ್‌ಎಫ್‌ಡಂಪ್ ಜೊತೆಗೇ ಬರುವ ಎನ್‌ಎಫ್‌ಎಕ್ಸ್‌ಪೈರ್ ಕಮಾಂಡ್ ಸಾಕು. ನಾನು 30 ದಿನದ್ದು ಮಾತ್ರ ಇಡುತ್ತೇನೆ. ಹುಡುಗರ ಓಡಾಟದ ಲೆಕ್ಕ ಅದಕ್ಕಿಂತ ಹೆಚ್ಚು ನನಗೇಕೆ?